ಅರ್ಧ ಡಿಗ್ರಿಯಷ್ಟು

"ಬಂತು! ಏರ್ತಾ ಇದೆ ಕಣೇ, ಏರ್ತಾ ಇದೆ!" ಭಾವ ಕೂಗಿದ ಅಬ್ಬರಕ್ಕೆ ಕಿಟಕಿಯ ಮೇಲೆ ಕೂತಿದ್ದ ಪಾರಿವಾಳ ಬೆದರಿ ಹಾರಿಹೋಯಿತು.

ಅಕ್ಕನ ಬಲ ಮಣಿಕಟ್ಟಿಗೆ ಕಟ್ಟಿದ್ದ ಸೆನ್ಸರ್ ಲ್ಯಾಪ್‌ಟಾಪಿನ ಪರದೆಯ ಮೇಲೆ ತೋರಿಸುತ್ತಿದ್ದ ಸೊನ್ನೆ ನಿಜಕ್ಕೂ ಏರುತ್ತಿತ್ತು. ಒಂದು ಡಿಗ್ರಿ, ಎರಡು, ಎರಡೂವರೆ. ಅಕ್ಕ ಹಲ್ಲು ಕಚ್ಚಿಕೊಂಡಿದ್ದಳು. ಅವಳ ಹಣೆಯ ಮೇಲೆ ಬೆವರು ಮೂಡಿತ್ತು. ಪುಟ್ಟಿ ಮಾತ್ರ ಪರದೆ ಬಿಟ್ಟು ಅಕ್ಕನ ಎಡಗೈಯನ್ನು ನೋಡುತ್ತಿದ್ದಳು. ಅದರಲ್ಲಿ ಬಟ್ಟೆ ಕತ್ತರಿಸುವ ದೊಡ್ಡ ಕತ್ತರಿ ಇತ್ತು. ಬಲಗೈಗೆ ಜೋರು ಕೊಡುವ ಭರದಲ್ಲಿ ಅಕ್ಕ ಆ ಕೈಯನ್ನೂ ಮುಂದಕ್ಕೆ ಚಾಚಿಬಿಟ್ಟಿದ್ದಳು.

ಪುಟ್ಟಿಗೆ ನಲವತ್ತು ದಾಟಿದ್ದರೂ ಮನೆಯಲ್ಲಿ ಹೆಸರು ಇನ್ನೂ ಪುಟ್ಟಿಯೇ. ಕಾರ್ಖಾನೆಯಲ್ಲಿ ಅವಳ ಕೆಲಸ ಸೆನ್ಸರ್‌ಗಳನ್ನು ಪರೀಕ್ಷೆ ಮಾಡುವುದು. ಯಂತ್ರದ ಕೀಲು ಎಷ್ಟು ತಿರುಗಿದೆ ಎಂದು ಹೇಳುವ ಸೆನ್ಸರ್‌ಗಳು ಅವು. ತಿರುಗುವ ಕಡ್ಡಿಯ ತುದಿಗೆ ಅಂಗಿಯ ಗುಂಡಿಯಷ್ಟು ಅಯಸ್ಕಾಂತ. ಅದಕ್ಕೆ ಎದುರಾಗಿ, ಮುಟ್ಟಿಯೂ ಮುಟ್ಟದ ಹಾಗೆ, ಉಗುರಿನಷ್ಟು ಚಿಪ್. ಅಯಸ್ಕಾಂತ ತಿರುಗಿದರೆ ಅದರ ಸೆಳೆತದ ದಿಕ್ಕೂ ತಿರುಗುತ್ತದೆ, ಆ ದಿಕ್ಕನ್ನು ಚಿಪ್ ಓದಿ ಹೇಳುತ್ತದೆ. ಒಂದು ಡಿಗ್ರಿಯನ್ನು ನೂರು ಪಾಲು ಮಾಡಿದರೆ ಅದರಲ್ಲಿ ಎರಡು ಮೂರು ಪಾಲು ಅಲುಗಿದ್ದೂ ಅದಕ್ಕೆ ತಿಳಿಯುತ್ತದೆ. ಆದರೆ ಹತ್ತಿರ ಕಬ್ಬಿಣ ಬಂದರೆ ಮುಗಿಯಿತು, ಸೆಳೆತವೇ ಸೊಟ್ಟಗಾಗಿ ಚಿಪ್ ಸುಳ್ಳು ಹೇಳತೊಡಗುತ್ತದೆ.

ಅವಳು ಮೆಲ್ಲಗೆ ಅಕ್ಕನ ಕೈಯಿಂದ ಕತ್ತರಿ ತೆಗೆದುಕೊಂಡಳು. ಸಂಖ್ಯೆ ಸೊನ್ನೆಗಿಳಿಯಿತು. ಕತ್ತರಿಯನ್ನು ಮತ್ತೆ ಹತ್ತಿರ ಹಿಡಿದಳು. ಎರಡೂವರೆ.

ಭಾವನಿಗೆ ಅರ್ಥವಾಯಿತು. ಅವನು ಬಸ್ಸಿನ ಡ್ರೈವರು. ಸುಮ್ಮನಿರುವುದು ಅವನ ಜಾಯಮಾನದಲ್ಲೇ ಇಲ್ಲ. ಈಗ ಮಾತ್ರ ಪುಟ್ಟಿಯ ಕಿವಿಯ ಹತ್ತಿರ ಬಾಗಿ, "ಹೇಳ್ಬೇಡ ಬಿಡು. ಎಷ್ಟು ದಿನ ಆದ್ಮೇಲೆ ನಕ್ಕಿದಾಳೆ, ನೋಡು," ಎಂದು ಪಿಸುಗುಟ್ಟಿದ.

ಅಕ್ಕ ನಿಜಕ್ಕೂ ನಗುತ್ತಿದ್ದಳು. ಊರಿನ ಅರ್ಧ ಹೆಂಗಸರಿಗೆ ಬಟ್ಟೆ ಹೊಲಿದುಕೊಟ್ಟವಳು ಅವಳು. ಪಾರ್ಶ್ವವಾಯು ಬಡಿದ ಮೇಲೆ ಕಾಲು ಮತ್ತೆ ಸ್ವಾಧೀನಕ್ಕೆ ಬಂದಿತ್ತು, ಮಾತು ಬಂದಿತ್ತು, ಬಲಗೈ ಬಂದಿರಲಿಲ್ಲ. "ಒಳಗೆ ಅಲುಗುತ್ತೆ, ನಂಗೆ ಗೊತ್ತಾಗುತ್ತೆ," ಎಂದು ಅವಳು ಎಲ್ಲರಿಗೂ ಹೇಳುತ್ತಿದ್ದಳು. ಭಾವ ಮಗುವಿಗೆ ತಲೆಯಾಡಿಸುವ ಹಾಗೆ "ಹೌದೌದು" ಎನ್ನುತ್ತಿದ್ದ. ಮನಸ್ಸಿಗೆ ಹಾಗನ್ನಿಸುವುದುಂಟು ಎಂದು ಡಾಕ್ಟರು ಹೇಳಿದ್ದರು. ವ್ಯಾಯಾಮ ಮಾಡಿಸಲು ಮನೆಗೆ ಬರುವ ಮೇಡಂ ಒಳ್ಳೆಯವರೇ. ಆದರೂ ಸೋಮವಾರದಿಂದ ಬಲಗೈಯನ್ನು ಬಿಟ್ಟು ಎಡಗೈಯನ್ನೇ ಪಳಗಿಸೋಣ ಎಂದು ಅವರೂ ತೀರ್ಮಾನಿಸಿದ್ದರು. ಎಡಗೈಯಲ್ಲಿ ಕತ್ತರಿ ಹಿಡಿಯುವ ಅಭ್ಯಾಸ ಆಗಲೇ ಶುರುವಾಗಿತ್ತು. ಪುಟ್ಟಿಯೂ "ಇರಬಹುದು ಅಕ್ಕ" ಎಂದಷ್ಟೇ ಹೇಳಿದ್ದಳು. ಅದಕ್ಕೆ ಅಕ್ಕ ಕಡ್ಡಿ ಮುರಿದ ಹಾಗೆ, "'ಇರಬಹುದು' ಅಂತ ಡಾಕ್ಟರೂ ಹೇಳಿದ್ರು. ನೀನು ಅಳೆಯೋಳಲ್ವಾ? ಅಳೆದು ಹೇಳು," ಎಂದಿದ್ದಳು. ಅಳೆಯಲೆಂದೇ ಇವತ್ತು ರಜೆಯ ದಿನ ಇಷ್ಟೆಲ್ಲ ಹೊತ್ತು ತಂದದ್ದು.

"ಅಕ್ಕ," ಎಂದಳು ಪುಟ್ಟಿ. "ಅದು ನಿನ್ನ ಕೈಯಲ್ಲ. ಕತ್ತರಿ."

ಅಕ್ಕನ ಮುಖ ಇಷ್ಟೇ ಇಷ್ಟಾಯಿತು. ಅವಳು ಗೋಡೆಯ ಕಡೆ ತಿರುಗಿದಳು. "ಬಿಚ್ಚು ಇದನ್ನ."

"ಬಿಚ್ಚಲ್ಲ. ತಪ್ಪು ನನ್ದು. ಸುತ್ತ ಕಬ್ಬಿಣ ಇಟ್ಕೊಂಡು ಅಳೆಯೋಕೆ ಕೂತೆ, ದಡ್ಡಿ ಹಾಗೆ. ಇನ್ನೊಂದ್ಸಲ, ಅಕ್ಕ. ಈ ಸಲ ಸರಿಯಾಗಿ ಅಳೀತೀನಿ."

ಕಬ್ಬಿಣದ ಮಂಚದಿಂದ ಎಬ್ಬಿಸಿ ಅಕ್ಕನನ್ನು ಮರದ ಮೇಜಿನ ಮುಂದೆ ಕೂರಿಸಿದರು. ಕತ್ತರಿ, ಮೊಬೈಲು, ಭಾವನ ಸೊಂಟದ ಬೀಗದ ಕೈ ಗೊಂಚಲು ಎಲ್ಲವೂ ಪಕ್ಕದ ಕೋಣೆಗೆ ಹೋದವು. "ನಾನೂ ಹೋಗ್ಬೇಕಾ? ಬಾಯಲ್ಲಿ ಎರಡು ಲೋಹದ ಹಲ್ಲಿದೆ," ಎಂದ ಭಾವ. ಯಾರೂ ನಗಲಿಲ್ಲ. ಪುಟ್ಟಿ ಅಕ್ಕನ ಮುಂಗೈಯನ್ನು ಹೆಬ್ಬೆರಳು ಮೇಲೆ ಬರುವಂತೆ ಒರಗಿಸಿ, ಅಲ್ಯೂಮಿನಿಯಂ ಪಟ್ಟಿಗೆ ಮೆತ್ತಗಿನ ಬಟ್ಟೆಯಿಂದ ಕಟ್ಟಿದಳು. ಹೀಗೆ ಮಲಗಿಸಿದರೆ ಕೈ ತನ್ನ ಭಾರವನ್ನು ತಾನೇ ಎತ್ತಬೇಕಾಗಿಲ್ಲ. ಹಿತ್ತಾಳೆಯ ಕೀಲನ್ನು ಮಣಿಕಟ್ಟಿನ ನೇರಕ್ಕೆ ತಂದು, ಅಯಸ್ಕಾಂತ ಚಿಪ್‌ನ ನಟ್ಟನಡುವೆ ಬರುವವರೆಗೂ ಕೂದಲೆಳೆಯಷ್ಟು ಆಚೆ, ಕೂದಲೆಳೆಯಷ್ಟು ಈಚೆ ಸರಿಸಿದಳು.

ಸೊನ್ನೆ ನಿಂತಿತು. ಆದರೆ ಕೊನೆಯ ಅಂಕಿ ಮಾತ್ರ ನಡುಗುತ್ತಲೇ ಇತ್ತು. ವೈರು ಸಡಿಲವೇ ಎಂದು ಪುಟ್ಟಿ ಒತ್ತಿ ನೋಡಿದಳು, ನಿಲ್ಲಲಿಲ್ಲ. ಆ ನಡುಕಕ್ಕೆ ಒಂದು ಲಯವಿರುವುದು ಆಮೇಲೆ ಕಾಣಿಸಿತು. ಅಕ್ಕನ ಕತ್ತಿನ ಮೇಲೆ ಬೆರಳಿಟ್ಟಳು. ಅಲ್ಲಿ ಬಡಿದಾಗಲೆಲ್ಲ ಇಲ್ಲಿ ಅಂಕಿ ಮಿಡುಕುತ್ತಿತ್ತು. ನಾಡಿ. ಮರದ ಕೊರಡಿನಂತೆ ಬಿದ್ದಿದ್ದ ಆ ಕೈ ಪ್ರತಿ ಬಡಿತಕ್ಕೂ ಅಲುಗುತ್ತಿತ್ತು, ಯಾವ ಕಣ್ಣಿಗೂ ಬೀಳದಷ್ಟು. ಪುಟ್ಟಿ ಇಷ್ಟು ವರ್ಷ ಲೋಹದ ಕೀಲುಗಳನ್ನು ಅಳೆದಿದ್ದಳು. ಅವುಗಳಲ್ಲಿ ಯಾವುದಕ್ಕೂ ಎದೆ ಇರಲಿಲ್ಲ.

"ನಾನು ನಿನಗೆ ಬೆನ್ನು ಹಾಕ್ಕೊಂಡು ಕೂರ್ತೀನಿ," ಎಂದಳು. "ನಿನಗೆ ಯಾವಾಗ ಬೇಕೋ ಆವಾಗ ಮಾಡು. ಬಾಯಿ ಬಿಟ್ಟು ಹೇಳ್ಬೇಡ. ಉಸಿರು ಮಾತ್ರ ಬಿಗಿಹಿಡೀಬೇಡ."

ಪರದೆಯನ್ನು ತನ್ನ ಕಡೆ ತಿರುಗಿಸಿಕೊಂಡಳು. ಭಾವ ಅಕ್ಕನ ಎದುರು ಕೂತ. ಅಂಕಿ ನಾಡಿಯ ಜೊತೆ ಮಿಡುಕುತ್ತ, ಮಿಡುಕುತ್ತ, ಇದ್ದಕ್ಕಿದ್ದಂತೆ ಮೇಲಕ್ಕೆ ಹೊರಟಿತು.

"ಈಗ," ಎಂದಳು ಪುಟ್ಟಿ.

ಅಂಕಿ ಅರ್ಧ ಡಿಗ್ರಿಯ ಹತ್ತಿರ ನಿಂತು, ಮೆಲ್ಲಗೆ ಇಳಿಯಿತು. "ಈಗ ಬಿಟ್ಟೆ ನೀನು."

"ಹೂಂ," ಎಂಬ ಅಕ್ಕನ ಸಣ್ಣ ದನಿ ಹಿಂದಿನಿಂದ ಕೇಳಿಸಿತು.

ಆಮೇಲೆ ಬಹಳ ಹೊತ್ತು ಏನೂ ಇಲ್ಲ. ಆಗ ಏರಿದ್ದು ಸುಳ್ಳೇ ಇರಬಹುದೇ, ಮೇಜು ಅದುರಿರಬಹುದೇ? ಆದರೂ ಪುಟ್ಟಿ ಕಂಡದ್ದನ್ನೇ ಹೇಳಿದಳು: "ನೀನು ಏನೂ ಮಾಡ್ತಿಲ್ಲ."

ಅಕ್ಕ ಪಕ್ಕೆಂದು ನಕ್ಕಳು. "ಮೋಸ ಮಾಡೋಣ ಅಂತಿದ್ದೆ! ಸುಮ್ನೆ ಮುಖ ಕಿವುಚ್ಕೊಂಡು ಕೂತಿದ್ದೆ ಕಣೇ, ನಿಮ್ಮ ಭಾವ ನಂಬೇ ಬಿಟ್ರು."

ಮತ್ತೆ ಏರಿತು. "ಈಗ." ಇಳಿಯಿತು. "ಬಿಟ್ಟೆ." ಎರಡು ಸಲ ಚಿಕ್ಕದಾಗಿ ಏರಿಳಿಯಿತು. "ಎರಡ್ಸಲ ಮಾಡ್ದೆ." ಒಂದೂ ತಪ್ಪಲಿಲ್ಲ. ಅಕ್ಕ ಬೇಕೆಂದುಕೊಂಡದ್ದು ಬೆನ್ನ ಹಿಂದಿನಿಂದ ಬಂದು ಪುಟ್ಟಿಯ ಕಣ್ಣ ಮುಂದೆ ಅಂಕಿಯಾಗಿ ನಿಲ್ಲುತ್ತಿತ್ತು. ತಿರುಗಿ ನೋಡಬೇಕೆನ್ನಿಸಿದರೂ ಕಣ್ಣು ತುಂಬಿದ್ದರಿಂದ ತಿರುಗಲಿಲ್ಲ.

ಸೋಮವಾರ ಬೆಳಗ್ಗೆ ಮೇಡಂ ಬಂದರು. ಮೊದಲು ಬರಿಗಣ್ಣಿನಲ್ಲಿ ನೋಡಿದರು, ಮಣಿಕಟ್ಟಿನ ಮೇಲೆ ಬೆರಳಿಟ್ಟು ನೋಡಿದರು, ಏನೂ ತಿಳಿಯಲಿಲ್ಲ ಎಂದರು. ಆಮೇಲೆ ಪರದೆಗೆ ಬೆನ್ನು ಹಾಕಿ ಕೂತು, ತಾವು ಕಣ್ಣಿನಲ್ಲೇ ಸನ್ನೆ ಮಾಡಿದಾಗ ಮಾತ್ರ ಕೈ ಅಲುಗಿಸಲು ಅಕ್ಕನಿಗೆ ಹೇಳಿ, ತಮ್ಮದೇ ರೀತಿಯಲ್ಲಿ ಪರೀಕ್ಷೆ ಮಾಡಿದರು. ಸನ್ನೆ ಮಾಡಿದ ಪ್ರತಿ ಸಲವೂ, ಆಗ ಮಾತ್ರ, ಪರದೆಯನ್ನೇ ನೋಡುತ್ತಿದ್ದ ಪುಟ್ಟಿ ಏರಿದ ಅಂಕಿ ಓದಿದಳು. ಮೇಡಂ ಕೊನೆಗೆ ಕನ್ನಡಕ ತೆಗೆದು ಒರೆಸಿಕೊಂಡರು.

"ಎಷ್ಟರ ಮಟ್ಟಿಗೆ ವಾಪಸ್ ಬರುತ್ತೆ ಅಂತ ನಾನು ಹೇಳಲಾರೆ," ಎಂದರು ಅಕ್ಕನಿಗೆ. "ಆದ್ರೆ ದಾರಿ ಮುಚ್ಚಿಲ್ಲ. ಇವತ್ತಿಂದ ಈ ಕೈಗೇ ಮೊದಲು ಕೆಲಸ. ನೀವು ಅಷ್ಟು ಸಲ ಹೇಳಿದ್ರಿ, ಅಲ್ವಾ?"

"ಹೇಳಿದ್ದೆ," ಎಂದಳು ಅಕ್ಕ. ಗಂಡನತ್ತ ತಿರುಗಿದಳು. "ಇಲ್ಲಿ ಬನ್ನಿ. ಕೈ ಕೊಡಿ."

ಭಾವ ಡ್ಯೂಟಿಗೆ ಹೊರಟು ಖಾಕಿ ಅಂಗಿ ತೊಟ್ಟು ನಿಂತಿದ್ದ. ಮೇಜಿನ ಪಕ್ಕ ಮಂಡಿಯೂರಿ, ಸ್ಟೀರಿಂಗ್ ಹಿಡಿದು ದಡ್ಡುಗಟ್ಟಿದ ಅಂಗೈಯನ್ನು ಅವಳ ಅಂಗೈಗೆ ತಾಗಿಸಿದ.

"ಗೊತ್ತಾಗ್ತಿದ್ಯಾ?" ಎಂದಳು ಅಕ್ಕ.

ಅವನು ಅಡ್ಡಡ್ಡ ತಲೆಯಾಡಿಸಿದ. "ಇಲ್ವಲ್ಲೇ."

"ತಳ್ತಿದಾಳೆ ಭಾವ," ಎಂದಳು ಪುಟ್ಟಿ, ಪರದೆಯಿಂದ ಕಣ್ಣು ಕೀಳದೆ.

ಬೀದಿಯಲ್ಲಿ ಅವನ ಕಂಡಕ್ಟರು ಹೆಸರು ಹಿಡಿದು ಕೂಗಿದ, ಮತ್ತೊಂದು ಸಲ ಕೂಗಿದ. ಭಾವ ತಲೆಯೆತ್ತಲಿಲ್ಲ. ಕಣ್ಣು ಮುಚ್ಚಿಕೊಂಡು, ಆ ಕೈ ಎಷ್ಟು ತಳ್ಳಿದರೆ ಅಷ್ಟೇ ಹಿಂದೆ ಸರಿಯಬೇಕೆಂಬಂತೆ, ಅಂಗೈಯನ್ನು ಹಗುರಾಗಿ ಹಿಡಿದು ಕೂತೇ ಇದ್ದ.