ಮಾನಮ್ಮ ಹುರಿದ ಪುಡಿ

ಬಾರಾಮತಿಯ ಸಕ್ಕರೆ ಕಾರ್ಖಾನೆಯಲ್ಲಿ ಹದಿನೇಳು ವರ್ಷ ಕಬ್ಬಿನ ಹಾಲು ಪರೀಕ್ಷೆ ಮಾಡಿ ಬಂದ ಶಿವರುದ್ರಪ್ಪನವರಿಗೆ ತಮ್ಮ ರಸಾಯನಶಾಸ್ತ್ರದ ಮೇಲೆ ಭಾರಿ ಭರವಸೆ. ಆದ್ದರಿಂದಲೇ ಪುಣೆಯ ಕೊಂಢವಾದಲ್ಲಿ ಶೆಡ್ಡು ಹಾಕಿದ್ದ ಅವಧೂತ ಸಾಹೇಬರು ಅಯಸ್ಕಾಂತದ ಕೆಸರಿನಿಂದ ಲೋಹ ತೆಗೆಯಲು ಬರುತ್ತದೆಯೇ ಎಂದು ಕೇಳಿದಾಗ, ಅದೇನು ದೊಡ್ಡ ಮಾತು ಎಂದು ಅವರಲ್ಲಿ ನೌಕರಿಗೆ ಸೇರಿಬಿಟ್ಟಿದ್ದರು. ದೊಡ್ಡ ಮಾತೇ ಆಗಿತ್ತು. ಅದು ಗೊತ್ತಾಗುವ ಹೊತ್ತಿಗೆ ೨೦೦೩ರ ಅರ್ಧ ವರ್ಷ ಕಳೆದುಹೋಗಿತ್ತು.

ರಾಂಜಣಗಾಂವದ ಒಂದು ಕಾರ್ಖಾನೆಯಲ್ಲಿ ಪುಟ್ಟ ಪುಟ್ಟ ಅಯಸ್ಕಾಂತಗಳನ್ನು ಉಜ್ಜಿ ನಯ ಮಾಡುವಾಗ ಉದುರುವ ಕಪ್ಪು ಕೆಸರು ಡ್ರಮ್ಮುಗಳಲ್ಲಿ ತುಂಬಿಕೊಂಡು ಇವರ ಶೆಡ್ಡಿಗೆ ಬರುತ್ತಿತ್ತು. ಅದರಲ್ಲಿ ಬಹುಪಾಲು ಕಬ್ಬಿಣ. ಉಳಿದದ್ದು ನಿಯೋಡಿಮಿಯಮ್ ಎಂಬ ದುಬಾರಿ ಲೋಹ. ಕೆಸರನ್ನು ಆಸಿಡ್ಡಿನಲ್ಲಿ ಕರಗಿಸಿ, ದುಬಾರಿಯದನ್ನಷ್ಟೇ ಬೇರೆ ಮಾಡಿ, ಭಟ್ಟಿಯಲ್ಲಿ ಸುಟ್ಟರೆ ತಿಳಿ ನೇರಳೆ ಬಣ್ಣದ ಪುಡಿ ಬರಬೇಕು. ಶಿವರುದ್ರಪ್ಪನವರ ಭಟ್ಟಿಯಿಂದ ಬರುತ್ತಿದ್ದುದು ಇಟ್ಟಂಗಿ ಬಣ್ಣದ ಪುಡಿ. ಕರೆಯದೇ ಬರುವ ಬೀಗರ ಹಾಗೆ ಕಬ್ಬಿಣ ಪ್ರತಿ ಸಲವೂ ಜೊತೆಗೆ ಬಂದು ಕೂಡುತ್ತಿತ್ತು.

ದೀಪಾವಳಿಯೊಳಗೆ ನೇರಳೆ ಪುಡಿ ಕಾಣದಿದ್ದರೆ ಶೆಡ್ಡಿಗೆ ಬೀಗ, ನಿಮಗೂ ನಮಸ್ಕಾರ ಎಂದು ಸಾಹೇಬರು ಹೇಳಿಯಾಗಿತ್ತು. ಶಿವರುದ್ರಪ್ಪನವರಿಗೆ ನಲವತ್ತೊಂಬತ್ತು ವರ್ಷ. ಸಕ್ಕರೆ ಕಾರ್ಖಾನೆಯನ್ನು ಬಿಡುವಾಗ ಮ್ಯಾನೇಜರನ ಮುಖದ ಮೇಲೆ ಹೊಡೆದ ಹಾಗೆ ನಾಲ್ಕು ಮಾತಾಡಿ ಬಂದಿದ್ದರಿಂದ ಆ ಬಾಗಿಲೂ ಮುಚ್ಚಿತ್ತು. ಈ ನೌಕರಿ ಹೋದರೆ ಎಲ್ಲಿ ಹೋಗಿ ನಿಲ್ಲುವುದು ಎಂಬ ಚಿಂತೆಯಲ್ಲಿ ಅವರಿಗೆ ಊಟ ಸೇರುತ್ತಿರಲಿಲ್ಲ. ಹೆಂಡತಿ ಕಲ್ಲವ್ವ ಮಾತ್ರ, ಊಟ ಸೇರದವರು ಮೂರನೇ ರೊಟ್ಟಿ ಹೇಗೆ ಕೇಳುತ್ತಾರೆ ಎನ್ನುತ್ತಿದ್ದಳು.

ಕೊನೆಗೆ ಒಂದು ಮಂಗಳವಾರ ಕೆಸರಿನ ಲಾರಿಯ ವಿಚಾರಣೆಯ ನೆಪದಲ್ಲಿ ರಾಂಜಣಗಾಂವಕ್ಕೆ ಹೋಗಿ, ಅಲ್ಲಿಯ ಮಹಾಗಣಪತಿಯ ಮುಂದೆ ಕೈಮುಗಿದು ನಿಂತರು. ಬೇರೇನೂ ಬೇಡ, ಬಣ್ಣವೊಂದು ಕೊಡು ಎಂದು ಬೇಡಿಕೊಂಡರು.

ಅವರು ಅತ್ತ ಬೇಡಿಕೊಳ್ಳುತ್ತಿದ್ದಾಗ ಇತ್ತ ಶೆಡ್ಡಿನಲ್ಲಿ ಮಾನಮ್ಮ ಒಬ್ಬಳೇ ಇದ್ದಳು. ಯಾದಗಿರಿ ಕಡೆಯ ಹೆಂಗಸು. ಡ್ರಮ್ಮು ತೊಳೆಯಲು ಇಟ್ಟುಕೊಂಡಿದ್ದರು. ಒಣಗಿದರೆ ಆ ಕೆಸರು ತಾನೇ ಹೊತ್ತಿಕೊಳ್ಳುತ್ತದೆ. ಅದಕ್ಕೇ ಯಾವಾಗಲೂ ನೀರಿನಲ್ಲಿ ಮುಳುಗಿರಬೇಕು. ಇದನ್ನು ಡ್ರಮ್ಮಿನ ಮೇಲೆ ಇಂಗ್ಲಿಷಿನಲ್ಲೂ ಮರಾಠಿಯಲ್ಲೂ ಬರೆದಿತ್ತು. ಓದಲು ಬಾರದ ಮಾನಮ್ಮನಿಗೆ ಬಾಯಿಬಿಟ್ಟು ಹೇಳುವ ಕೆಲಸ ಯಾರೂ ಮಾಡಿರಲಿಲ್ಲ. ಅದರ ಬದಲು ಹಿಂದಿನ ದಿನ ಅವಳ ಗುಡಿಸಲಿಗೆ ಬಂದ ಮುನಸಿಪಾಲಿಟಿಯವರು, ನೀರು ನಿಲ್ಲಿಸಿದರೆ ಸೊಳ್ಳೆಯಾಗಿ ಡೆಂಗಿ ಬರುತ್ತದೆ ಎಂದು ಹೇಳಿಹೋಗಿದ್ದರು. ಡ್ರಮ್ಮಿನಲ್ಲಿ ನೋಡಿದರೆ ತಿಂಗಳಿಂದ ನಿಂತ ನೀರು! ಅವಳು ನೀರೆಲ್ಲ ಬಸಿದು, ಕೆಸರನ್ನು ಹಳೆಯ ಧೋತರದಲ್ಲಿ ಕಟ್ಟಿ ಹಿಂಡಿ, ಹಿತ್ತಲಿನ ತಗಡಿನ ಮೇಲೆ ಊರಲ್ಲಿ ಸಂಡಿಗೆ ಒಣಹಾಕಿದಷ್ಟೇ ಕಾಳಜಿಯಿಂದ ಹರವಿದಳು.

ಸಂಜೆ ಶಿವರುದ್ರಪ್ಪನವರು ಹಣೆಗೆ ಕುಂಕುಮ ಹಚ್ಚಿಕೊಂಡು ಬಂದು ನೋಡಿದರೆ, ಒಂದಿಡೀ ಡ್ರಮ್ಮಿನ ಕಪ್ಪು ಕೆಸರು ಕೆಂಪು ಪುಡಿಯಾಗಿ ಡಬ್ಬಿಯಲ್ಲಿ ಕೂತಿತ್ತು. ಅಂಗಳ ಗುಡಿಸಿ ಸ್ವಚ್ಛವಾಗಿತ್ತು. ಒಂದು ಡ್ರಮ್ಮು ಮಾಲು ಸುಟ್ಟು ಹಾಳಾಯಿತು ಎಂದುಕೊಂಡರು. ಅಷ್ಟರಲ್ಲಿ ಅವಧೂತ ಸಾಹೇಬರೂ ಬಂದರು. ತಪ್ಪು ತಮ್ಮ ತಲೆಗೆ ಬರುವ ಮೊದಲು ಅದನ್ನು ಬೇರೆ ತಲೆಗೆ ಹೊರಿಸುವುದು ಒಳ್ಳೆಯದೆಂದು ಶಿವರುದ್ರಪ್ಪನವರು ಮಾನಮ್ಮನತ್ತ ಬೆರಳು ಮಾಡಿ, ಅವಳಿಗೆ ತಿಳಿಯದಿರಲೆಂದು ಮರಾಠಿಯಲ್ಲಿ, ಪಕ್ಕದ ಗ್ಯಾರೇಜಿನವರೂ ಇಣುಕಿ ನೋಡುವಷ್ಟು ದನಿಯಲ್ಲಿ ಕೂಗಿದರು: “ಹಿಲಾ ಅಕ್ಕಲ್ ನಾಹೀ ಸಾಹೇಬ! ಅಜಿಬಾತ ನಾಹೀ!”

ಇವಳಿಗೆ ಬುದ್ಧಿಯೇ ಇಲ್ಲ, ಒಂದಿಷ್ಟೂ ಇಲ್ಲ ಎಂದರ್ಥ. ಆದರೆ ಅಕ್ಕಲ್ ಎಂಬ ಮಾತು ಯಾದಗಿರಿಯಲ್ಲೂ ಅದೇ, ಪುಣೆಯಲ್ಲೂ ಅದೇ. ಅಷ್ಟೂ ಹೊಳೆಯಲಿಲ್ಲ ನಮ್ಮ ಪಂಡಿತರಿಗೆ. ನಾಳೆಯಿಂದ ಬರಬೇಡ ಎಂದು ಮಾನಮ್ಮನಿಗೆ ಬಾಗಿಲು ತೋರಿಸಿದರು. ಅವಳು ಬುತ್ತಿಯ ಗಂಟು ಎತ್ತಿಕೊಂಡು, ಸಾಹೇಬರಿಗೆ ಕೈಮುಗಿದು ಹೊರಟುಹೋದಳು.

ಮುಂದಿನ ವಾರ ಲಾರಿ ಬರಲಿಲ್ಲ. ದೀಪಾವಳಿ ಹತ್ತಿರ ಬರುತ್ತಿತ್ತು. ಸಕ್ಕರೆ ಕಾರ್ಖಾನೆಯಲ್ಲಿ ಸಿಪ್ಪೆಯನ್ನೂ ಬಿಸಾಡದೆ ಕಲಿತ ಶಿವರುದ್ರಪ್ಪನವರು ಬೇರೆ ದಾರಿಯಿಲ್ಲದೆ ಆ ಕೆಂಪು ಪುಡಿಯನ್ನೇ ತೆಳುವಾದ ಆಸಿಡ್ಡಿಗೆ ಹಾಕಿದರು. ಕೆಂಪೆಲ್ಲ ತಳದಲ್ಲಿ ಹಾಗೇ ಕೂತಿತು. ಮೇಲಿನ ನೀರಷ್ಟೇ ಗುಲಾಬಿಯಾಯಿತು. ಅದನ್ನು ಸೋಸಿ, ಮುಂದಿನ ಕ್ರಮ ಮುಗಿಸಿ, ಭಟ್ಟಿಗೆ ಹಾಕಿ ತೆಗೆದರೆ ತಿಳಿ ನೇರಳೆ! ಸುಟ್ಟ ಕಬ್ಬಿಣ ತುಕ್ಕಾಗಿ ಗಟ್ಟಿಯಾಗಿತ್ತು. ತೆಳು ಆಸಿಡ್ಡಿಗೆ ಜಗ್ಗದೆ ತಳದಲ್ಲೇ ಉಳಿದಿತ್ತು. ಶಿವರುದ್ರಪ್ಪನವರು ಪುಡಿಯ ಬಟ್ಟಲು ಹಿಡಿದುಕೊಂಡು ಶೆಡ್ಡಿನಲ್ಲಿ ಒಬ್ಬರೇ ಕುಣಿದರು. ನೋಡಿದವರಿಲ್ಲ, ಅವರೇ ಆಮೇಲೆ ಕಲ್ಲವ್ವನಿಗೆ ಹೇಳಿದ್ದು.

ಅವಧೂತ ಸಾಹೇಬರು ಪೇಢೆ ಹಂಚಿದರು. ಹೇಗೆ ಸಾಧಿಸಿದಿರಿ ಎಂದು ಕೇಳಿದರು. ಆಗಲೇ ನಿಜ ಹೇಳಿಬಿಟ್ಟಿದ್ದರೆ ಮುಗಿದುಹೋಗುತ್ತಿತ್ತು. ಶಿವರುದ್ರಪ್ಪನವರು ಗಂಟಲು ಸರಿಮಾಡಿಕೊಂಡು, ಬಹಳ ದಿನಗಳಿಂದ ತಲೆಯಲ್ಲಿದ್ದ ಒಂದು ‘ಶಾಖ ಸಂಸ್ಕಾರ’ ಎಂದರು. ಸಾಹೇಬರು ಆ ಹೆಸರಿಗೇ ಮರುಳಾಗಿ ಮುಂಬಯಿಯ ವ್ಯಾಪಾರಿಗೆ ಫೋನು ಮಾಡಿದರು. ವ್ಯಾಪಾರಿ ಬಲು ಬೆರಕಿ ಮುದುಕ. ಬರುವ ಗುರುವಾರ ಬರುತ್ತೇನೆ, ನನ್ನ ಕಣ್ಣೆದುರೇ ಮಾಡಿ ತೋರಿಸಿದರೆ ವರ್ಷದ ಮಾಲೆಲ್ಲ ನನಗೇ ಎಂದ.

ಹೊಸ ಡ್ರಮ್ಮು ಬಂತು. ಶಿವರುದ್ರಪ್ಪನವರು ಮೊದಲ ದಿನ ಕೆಸರನ್ನು ರಾಶಿ ಹಾಕಿ ಒಣಗಿಸಿದರು. ಅದು ಭುಗ್ಗೆಂದು ಹೊತ್ತಿ ಅವರ ಎಡಗಡೆಯ ಹುಬ್ಬನ್ನು ಒಯ್ದಿತು. ಎರಡನೆಯ ದಿನ ಸರಿಯಾಗಿ ಹಿಂಡದೆ ಹರವಿದರು. ಒಂದು ಕಡೆ ಹೊತ್ತಿತು, ಇನ್ನೊಂದು ಕಡೆ ಹಸಿಯಾಗೇ ಉಳಿಯಿತು. ಮೂರನೆಯ ದಿನ ಹೆಂಟೆಗಟ್ಟಿ, ಒಡೆದು ನೋಡಿದರೆ ಒಳಗೆಲ್ಲ ಕಪ್ಪು. ಬುಧವಾರ ಬಂತು.

“ಯಾರು ಮಾಡಿದ್ರೋ ಅವರನ್ನ ಕೇಳ್ರಿ,” ಎಂದಳು ಕಲ್ಲವ್ವ, ಸುಟ್ಟ ಹುಬ್ಬಿಗೆ ಕಾಡಿಗೆ ತೀಡುತ್ತ. “ಗಣಪ್ಪನ್ನ ಕೇಳಿದ್ದು ಸಾಕು.”

ಮಾನಮ್ಮ ಕೊಂಢವಾದಲ್ಲೇ ಏಳುತ್ತಿದ್ದ ಒಂದು ಅಪಾರ್ಟ್‌ಮೆಂಟಿನಲ್ಲಿ ಇಟ್ಟಂಗಿ ಹೊರುತ್ತಿದ್ದಳು. ಶಿವರುದ್ರಪ್ಪನವರು ಉಸುಕಿನ ಗುಡ್ಡೆಯ ಪಕ್ಕ ಹೋಗಿ ನಿಂತರು.

“ಮಾನಮ್ಮ, ಅವತ್ತ ಆ ಕೆಸರು ಹೆಂಗ ಕೆಂಪ ಆತು?”

“ಬಿಸಿಲಿಗಿ ಹರವೀನ್ರಿ ಅಣ್ಣಾರ. ಒಣಗ್ತಾ ಒಣಗ್ತಾ ಒಂದ್ ಮೂಲ್ಯಾಗ ಊದಿನಕಡ್ಡಿ ಹಂಗ ಕೆಂಡ ಕಾಣ್ತು. ನೀರ್ ಹಾಕಿದ್ರ ಮತ್ತ ಸೊಳ್ಳಿ. ಅದಕ ಸವಟ ತಗೊಂಡು, ಉಂಡಿಗಿ ಹಿಟ್ಟು ಹುರಿತೀವಲ್ಲ, ಹಂಗ ಹುರದೆ. ಅಂಚಿನಿಂದ ನಡುಕ ತಿರುವಬೇಕು. ಕೈ ಬಿಡಬಾರ್ದು.”

“ಅವತ್ತ ಯಾಕ ಹೇಳಲಿಲ್ಲ?”

“ಕೇಳಿದ್ರೇನು?”

ಶಿವರುದ್ರಪ್ಪನವರು ತಲೆ ತಗ್ಗಿಸಿದರು. ನಾಳೆ ಬಂದು ಹುರಿದುಕೊಡು, ಕೆಲಸ ಮತ್ತೆ ಕೊಡಿಸುತ್ತೇನೆ ಎಂದರು. ಮಾನಮ್ಮ ತಲೆಯ ಮೇಲಿನ ಸಿಂಬಿ ತೆಗೆದು ಜಾಡಿಸಿದಳು.

“ಬರ್ತೀನ್ರಿ. ಖರೆ ಸಾಹೇಬ್ರ ಮುಂದ ನನಗ ಅಕ್ಕಲ್ ಇಲ್ಲ ಅಂದ್ರಲ್ಲ, ಅದನ್ನ ಅವರ ಮುಂದನ, ಅದೇ ಮಾತಿನ್ಯಾಗ ತಿರುಗಿ ತಗೋಬೇಕು.”

ಶಿವರುದ್ರಪ್ಪನವರು ಆಗಲಿ ಎಂದು ಮನೆಗೆ ಬಂದರು. ಹಾಗೆ ಹೇಳಿದರೆ ಶಾಖ ಸಂಸ್ಕಾರದ ಕಥೆ ಏನು? ಅವಳ ಕೈಯಲ್ಲಿ ಹುರಿಸಿಕೊಂಡು ಸಾಹೇಬರು ತಮ್ಮನ್ನೇ ಮನೆಗೆ ಕಳಿಸಿದರೆ? ಹೇಳದಿದ್ದರೆ ನಾಳೆಯೇ ಮನೆಗೆ. ರಾತ್ರಿಯೆಲ್ಲ ಹೊರಳಾಡಿದರು. ಬೆಳಿಗ್ಗೆ ಶೆಡ್ಡಿಗೆ ಹೋಗುವವರೆಗೂ, ಏನಾದರೂ ಮಾಡಿ ಹೇಳದೆ ಪಾರಾಗುವ ಆಸೆ ಅವರಿಗೆ ಇದ್ದೇ ಇತ್ತು.

ಗುರುವಾರ ಹಿತ್ತಲಿನಲ್ಲಿ ತಗಡು ಕಾದಿತ್ತು. ಮುಂಬಯಿಯ ಮುದುಕ ಕುರ್ಚಿ ಹಾಕಿಸಿಕೊಂಡು ಕೂತಿದ್ದ. ಮಾನಮ್ಮ ಹಿಂಡಿದ ಕೆಸರನ್ನು ಬೆರಳಗಾತ್ರ ಹರವಿ, ಸವಟು ಹಿಡಿದು ಕಾದಳು. ಮೂಲೆಯಲ್ಲಿ ಕೆಂಡ ಮೂಡಿತು. ಅವಳು ಅಂಚಿನಿಂದ ಒಂದೇ ಹದದಲ್ಲಿ ತಿರುವತೊಡಗಿದಳು. ಕಪ್ಪು ಕೆಂಪಾಗುತ್ತ ಬಂತು. ಈ ಹೆಂಗಸು ಯಾರು, ಎಷ್ಟು ಚೆನ್ನಾಗಿ ಕಲಿಸಿದ್ದೀರಿ ಎಂದು ಮುದುಕ ಶಿವರುದ್ರಪ್ಪನವರನ್ನು ಹೊಗಳಿದ. ಅವಧೂತ ಸಾಹೇಬರು ಹೆಮ್ಮೆಯಿಂದ ನಕ್ಕರು. ಶಿವರುದ್ರಪ್ಪನವರೂ ನಗಲು ಹೊರಟರು.

ಸವಟಿನ ಸಪ್ಪಳ ನಿಂತಿತು. ಮಾನಮ್ಮ ಅವರ ಮುಖ ನೋಡುತ್ತಿದ್ದಳು. ತಗಡಿನ ಮೇಲೆ ಕೆಂಡ ಒಂದು ಕಡೆ ಸೇರಿ ದಪ್ಪವಾಗತೊಡಗಿತು.

ಬೆವರಿಗೆ ಹುಬ್ಬಿನ ಕಾಡಿಗೆ ಕೆನ್ನೆಗಿಳಿಯುತ್ತಿದ್ದ ಶಿವರುದ್ರಪ್ಪನವರು ಗುಣುಗುಟ್ಟಿದರು: “ತಿಲಾ ಅಕ್ಕಲ್ ಆಹೇ, ಸಾಹೇಬ. ಮಲಾಚ ನವ್ಹತೀ.”

“ಸಾಹೇಬ್ರಿಗಿ ಕೇಳಸ್ಲಿಲ್ರಿ ಅಣ್ಣಾರ,” ಎಂದಳು ಮಾನಮ್ಮ. “ಅವತ್ತ ನಿಮ್ಮ ದನಿ ಭಾಳ ಜೋರಿತ್ತು.”

ಆಗ ಶಿವರುದ್ರಪ್ಪನವರು ಕಣ್ಣುಮುಚ್ಚಿ, ಇವಳಿಗೆ ಅಕ್ಕಲ್ ಇದೆ, ಇಲ್ಲದಿದ್ದುದು ನನಗೇ ಎಂದು ಮರಾಠಿಯಲ್ಲಿ ಕೂಗಿಯೇಬಿಟ್ಟರು. ಗ್ಯಾರೇಜಿನವರು ಮತ್ತೆ ಇಣುಕಿದರು. ಕೂಗಿದ ಮೇಲೆ ತಡೆಯಲಾಗಲಿಲ್ಲ. ಸೊಳ್ಳೆ, ಧೋತರ, ಸವಟು, ಶಾಖ ಸಂಸ್ಕಾರ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿ ಮುಗಿಸಿದರು. ಮಾನಮ್ಮನ ಸವಟು ಮತ್ತೆ ಆಡತೊಡಗಿತು.

ಅವಧೂತ ಸಾಹೇಬರ ನಗು ಇಳಿಯಿತು. ಎಲ್ಲ ಅವಳೇ ಮಾಡಿದ್ದಾದರೆ ನೀವು ಮಾಡಿದ್ದೇನು ಎಂದು ಕೇಳಿದರು.

ಶಿವರುದ್ರಪ್ಪನವರು ಪ್ರಾಮಾಣಿಕವಾಗಿ ಯೋಚಿಸಿದರು. ಏಳು ತಿಂಗಳಲ್ಲಿ ತಾವು ಮಾಡಿದ ಸರಿಯಾದ ಕೆಲಸ ಒಂದೇ ಒಂದು ನೆನಪಾಯಿತು.

“ಇವಳನ್ನ ಹೊರಗೆ ಹಾಕಿದೆ, ಸಾಹೇಬ,” ಎಂದರು. “ಪುಡಿಯನ್ನ ಹಾಕಲಿಲ್ಲ.”

ಮುದುಕ ಹೊಟ್ಟೆ ಹಿಡಿದುಕೊಂಡು ನಕ್ಕ. ನಗುನಗುತ್ತಲೇ ಸಾಹೇಬರತ್ತ ತಿರುಗಿ, ಇವರಿಬ್ಬರನ್ನೂ ಬಿಡಬೇಡಿ, ಆದರೆ ಇನ್ನುಮೇಲೆ ಯಾರನ್ನು ಹೊರಗೆ ಹಾಕಬೇಕೆಂದು ಆ ಹೆಂಗಸನ್ನೇ ಕೇಳಿ ಎಂದ.