ದುರುಗವ್ವನ ಕಲ್ಲಿಗೆ ಬಂದ ಸವತಿ

ನಾನು ಒಂದು ಬೀಸುವ ಕಲ್ಲು. ಹುಟ್ಟಿದ್ದು ಎಲ್ಲೋ ದೂರದ ಗುಡ್ಡದಲ್ಲಿ. ವಡ್ಡರು ಕಡಿದು, ಕತ್ತೆಯ ಮೇಲೆ ಹೇರಿ ತಂದು ಕರೇದಿನ್ನಿಯಲ್ಲಿ ಮಾರಿದರು. ಆದರೆ ಇದನ್ನು ನಾನು ಯಾರ ಮುಂದೆಯೂ ಹೇಳುವುದಿಲ್ಲ. ನಾನು ಇದೇ ಊರಿನವಳು ಅಂದರೆ ಇದೇ ಊರಿನವಳು.

ಆಗ ಊರಿಗೆ ಊರೇ ಜೋಳ ಉಣ್ಣುತ್ತಿತ್ತು. ಕೋಳಿ ಕೂಗುವ ಹೊತ್ತಿಗೆ ನನ್ನ ಒಡತಿ ದುರುಗವ್ವ ಪದ ಹೇಳುತ್ತ ಬೀಸುತ್ತಿದ್ದಳು. ಮದುವೆ ಬಂದರೆ ನನಗೆ ಸುಣ್ಣ, ಕೆಮ್ಮಣ್ಣು ಬಳಿದು, ಐವರು ಮುತ್ತೈದೆಯರು ಪೂಜೆ ಮಾಡಿ ಅರಿಶಿನ ಬೀಸಬೇಕು. ಚಪ್ಪರ ಏಳುವುದು ಆಮೇಲೆಯೇ.

ಕಾಲುವೆ ಬಂತು. ನೀರಿನ ಹಿಂದೆಯೇ ತೆಲುಗು ಮಂದಿ ಬಂದು ಹೊಲ ಕೊಂಡು ಭತ್ತ ನಾಟಿದರು. ಪಕ್ಕದ ಮನೆಗೆ ಬಂದ ನಾಗರತ್ನಮ್ಮನ ಬಂಡಿಯಿಂದ ಒಂದು ರುಬ್ಬುವ ಕಲ್ಲು ಇಳಿಯಿತು. ಕಪ್ಪಗೆ ಮಿರಮಿರ ಮಿಂಚುವ ಮೈ. ಒಂದು ದಿನ ದುರುಗವ್ವನೇ ಅಲ್ಲಿಗೆ ಹೋಗಿ ದೋಸೆಗೆ ರುಬ್ಬಿಕೊಂಡು ಬಂದಳು. ನನ್ನ ಹೊಟ್ಟೆಗೆ ಬೆಂಕಿ ಬಿತ್ತು. ಆ ಹಿಟ್ಟನ್ನು ನೋಡಿ, ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ಗೊಣಗಿಕೊಂಡೆ.

ಬಳಿಕ ಬಂಗಾಳಿ ನಿರಾಶ್ರಿತರು ಬಂದು ಊರ ಹೊರಗೆ ಗುಡಿಸಲು ಹಾಕಿದರು. ನಮ್ಮ ಓಣಿಯವರು ಹೊಲ ಮಾರಿ ಒಬ್ಬೊಬ್ಬರಾಗಿ ಊರು ಬಿಟ್ಟರು. ಗಿರಣಿ ಬಂದ ಮೇಲೆ ನನ್ನನ್ನು ಮೂಲೆಗೆ ತಳ್ಳಿದರು. ಉಳಿದದ್ದು ಮದುವೆಯ ಅರಿಶಿನ ಒಂದೇ. ಅದು ಮಾತ್ರ ಆ ಮಿಂಚುಮೈಯವಳಿಗೆ ಸಿಗದು ಎಂದು ಬೀಗುತ್ತಿದ್ದೆ.

ದುರುಗವ್ವನ ಮೊಮ್ಮಗಳ ಮದುವೆ ಬಂತು. ನನ್ನನ್ನು ತೊಳೆದರು. ಆದರೆ ಓಣಿಯಲ್ಲಿ ಸಿಕ್ಕ ಮುತ್ತೈದೆಯರು ಮೂವರೇ. ದುರುಗವ್ವ ನಾಗರತ್ನಮ್ಮನನ್ನೂ ಗುಡಿಸಲ ಕಡೆಯ ಶೆಫಾಲಿಯನ್ನೂ ಕರೆಸಿದಳು.

"ಕೊಳ್ಳಾಗ ತಾಳಿನೇ ಇಲ್ಲ, ಆಕಿ ಹ್ಯಾಂಗ ಮುತ್ತೈದಿ?" ಎಂದಳು ಓಣಿಯವಳೊಬ್ಬಳು.

"ಗಂಡ ಅದಾನ, ಕೈಯಾಗ ಶಂಖದ ಬಳಿ ಅದಾವ, ಅವರಿಗೆ ಅದೇ ತಾಳಿ. ಇನ್ನೇನ್ ಬೇಕು? ಕೂಡ್ರವ್ವ ಶೆಫಾಲಿ," ಎಂದಳು ದುರುಗವ್ವ.

ಪರರ ಕೈಗೆ ತಿರುಗಲೇಬಾರದು ಎಂದುಕೊಂಡಿದ್ದೆ. ಐದು ಕೈ ಸೇರಿ ಗೂಟ ಹಿಡಿದಾಗ ಹಟ ನಡೆಯಲಿಲ್ಲ. ದುರುಗವ್ವನ ಪದಕ್ಕೆ ಶೆಫಾಲಿ ತನ್ನ ಭಾಷೆಯ ಪದ ಸೇರಿಸಿದಳು. ನಿಜ ಹೇಳಬೇಕೆಂದರೆ, ಚೆನ್ನಾಗಿತ್ತು.

ಅಷ್ಟರಲ್ಲಿ ನಾಗರತ್ನಮ್ಮ, "ನಮ್ಮ ಕಲ್ಲಿಗೂ ಒಂದ್ ಚೂರು ಹಚ್ಚಕ್ಕಾ," ಎಂದಳು. ನಾನು ಬೀಸಿದ ಅರಿಶಿನವನ್ನು ದುರುಗವ್ವ ನನ್ನ ಕಣ್ಣೆದುರೇ ಆ ಮಿಂಚುಮೈಯವಳಿಗೆ ಬಳಿದಳು.

ಈಗ ಅವಳಿಗೂ ಕೆಲಸ ತಪ್ಪಿ, ನಾವಿಬ್ಬರು ಕಲ್ಲುಗಳೂ ಒಂದೇ ಬೇವಿನ ಬುಡದಲ್ಲಿ ಬಿದ್ದಿದ್ದೇವೆ. ಮಳೆ ನೀರು ಅವಳ ಗುಂಡಿಯಲ್ಲಿ ನಿಲ್ಲುತ್ತದೆ, ಗುಬ್ಬಿಗಳೂ ಅವಳ ಹತ್ತಿರವೇ ಹೋಗುತ್ತವೆ. ಹೋಗಲಿ, ಅದನ್ನು ಹೇಗೋ ನುಂಗಿಕೊಂಡಿದ್ದೇನೆ. ಆದರೆ ಶೆಫಾಲಿಯ ಮಗಳಿಗೆ ಗಂಡು ಗೊತ್ತಾಗಿದೆಯಂತೆ. ಅರಿಶಿನಕ್ಕೆ ಶೆಫಾಲಿ ನನ್ನನ್ನು ಬಿಟ್ಟು ಅವಳನ್ನು ಕರೆದಳೋ, ಅದನ್ನು ಮಾತ್ರ ನಾನು ಸಹಿಸಲಾರೆ.