ಇಲ್ಲಿ ಬರ್ತಾರ್ರಿ

ನಾನು ಒಂದು ಟವೆಲ್. ಬಿಳಿ ಮೈ, ಕೆಂಪು ಅಂಚು. ನಮ್ಮ ಸೀಮೆಯಲ್ಲಿ ಒಗೆಯುವುದು ಎಂಬ ಮಾತಿಗೆ ಎರಡು ಅರ್ಥ. ನೀರಿನಲ್ಲಿ ಅದ್ದಿ ತೊಳೆಯುವುದೂ ಒಗೆಯುವುದೇ, ಕೈಯಿಂದ ಎಸೆಯುವುದೂ ಒಗೆಯುವುದೇ. ನನ್ನ ಬಾಳೆಲ್ಲ ಈ ಎರಡರಲ್ಲೇ ಕಳೆಯಿತು. ತೊಳೆದದ್ದಕ್ಕಿಂತ ಎಸೆದದ್ದೇ ಹೆಚ್ಚು.

ಹುಟ್ಟಿದ್ದು ಬನಹಟ್ಟಿಯ ಒಂದು ಮಗ್ಗದ ಮನೆಯಲ್ಲಿ. ನೇಯ್ದವನ ಮುಖ ನೆನಪಿಲ್ಲ, ಮಗ್ಗದ ಸದ್ದು ನೆನಪಿದೆ. ಒಂದೇ ಉದ್ದನೆಯ ಹಾಸಿನಲ್ಲಿ ನಾವು ಅಣ್ಣತಮ್ಮಂದಿರು ಒಬ್ಬರಿಗೊಬ್ಬರು ಅಂಟಿಕೊಂಡೇ ಬೆಳೆದೆವು. ಆಮೇಲೆ ಕತ್ತರಿ ಬಂತು. ನನ್ನ ಪಾಲಿಗೆ ಅದು ಸ್ವಲ್ಪ ವಾಲಿತು. ಒಂದು ಕಡೆಯ ಅಂಚು ಸೊಟ್ಟಗಾಯಿತು. ಅದರಿಂದಾಗಿ ಜಮಖಂಡಿಯ ಅಂಗಡಿಯಲ್ಲಿ ಬಹಳ ದಿನ ಗಂಟಿನ ತಳದಲ್ಲಿ ಬಿದ್ದಿದ್ದೆ. ಕೊನೆಗೆ ನನ್ನನ್ನು ಎಳೆದು ತೆಗೆದವನು ರಾಚಪ್ಪ ಹೂಗಾರ. ಬಸ್ ನಿಲ್ದಾಣದ ಎದುರು ಹೂವಿನ ಮಾಲೆ ಕಟ್ಟಿ ಮಾರುವವನು.

“ಅಂಚು ಸೊಟ್ಟ ಐತಿ ನೋಡ್ರಿ ಮತ್ತ, ಆಮ್ಯಾಲ ತಿರುಗಿ ತರಬ್ಯಾಡ್ರಿ” ಎಂದ ಅಂಗಡಿಯವನು.

“ಹೆಗಲು ಏನ್ ಪಟ್ಟಿ ಹಿಡದು ನೋಡತೈತೇನ್ರಿ?” ಎಂದು ರಾಚಪ್ಪ ನನ್ನನ್ನು ಹೆಗಲ ಮೇಲೆ ಹಾಕಿಕೊಂಡ.

ಅವನ ಹೆಗಲಿನಿಂದ ನಾನು ಲೋಕ ನೋಡಿದೆ. ವಿಜಯಪುರದ ಮಾರ್ಕೆಟ್ಟಿನಿಂದ ಅವನು ಸೇವಂತಿಗೆ, ಗಲಾಟೆ ಹೂ, ಕಾಕಡ ತರುತ್ತಿದ್ದ. ಬಸ್ಸು ನಿಲ್ದಾಣದೊಳಕ್ಕೆ ತಿರುಗುತ್ತಿದ್ದಂತೆ ಜನ ಬಾಗಿಲಿಗೆ ಮುತ್ತುತ್ತಿದ್ದರು. ರಾಚಪ್ಪ ಬಾಗಿಲಿಗೆ ಹೋಗುತ್ತಿರಲಿಲ್ಲ. ಬಸ್ಸಿನ ಜೊತೆಗೇ ಓಡಿ, “ಇಲ್ಲಿ ಬರ್ತಾರ್ರಿ” ಎಂದು ಕೂಗಿ, ಕಿಟಕಿಯಿಂದ ನನ್ನನ್ನು ಒಳಗೆ ಒಗೆಯುತ್ತಿದ್ದ. ನಾನು ಬಿದ್ದ ಸೀಟು ಅವನದಾಗುತ್ತಿತ್ತು. ಇಂಥ ಕಾನೂನನ್ನು ಯಾರು ಬರೆದರೋ ತಿಳಿಯದು. ಹೊಡೆದಾಡಿ ಹತ್ತಿದ ಮನುಷ್ಯ ಕೂಡ ಸೀಟಿನ ಮೇಲೆ ನನ್ನನ್ನು ಕಂಡರೆ ಕೂರುವುದಿಲ್ಲ. “ಯಾರರೆ ಅದಾರೇನ್ರಿ?” ಎಂದು ಪಕ್ಕದವರನ್ನು ಕೇಳುತ್ತಾನೆ. ಪಕ್ಕದವರು ನನ್ನನ್ನು ನೋಡಿ, “ಇಲ್ಲಿ ಬರ್ತಾರ್ರಿ” ಎನ್ನುತ್ತಾರೆ. ಅಷ್ಟಕ್ಕೆ ಅವನು ಮುಂದೆ ಹೋಗುತ್ತಾನೆ.

ಒಂದು ತುಂಡು ಬಟ್ಟೆಗೆ ಇಷ್ಟು ಮರ್ಯಾದೆ! ನನಗೆ ಸೊಕ್ಕು ಬಂದಿತ್ತು.

ರಾಚಪ್ಪನಿಗೆ ಒಬ್ಬಳೇ ಮಗಳು, ನೀಲಾಂಬಿಕಾ. ಮನೆಯಲ್ಲಿ ನೀಲವ್ವ, ಗೆಳತಿಯರಿಗೆ ನೀಲಾ. ತಾಯಿ ಗುರುಬಾಯಿಗೆ ಮೊದಲಿಂದ ಉಬ್ಬಸ. ಚಿಕ್ಕವಳಿದ್ದಾಗಿನಿಂದ ತಾಯಿಯ ಬೆನ್ನು ನೀವುತ್ತಾ ಬೆಳೆದ ಹುಡುಗಿ, ಡಾಕ್ಟರಾಗುತ್ತೇನೆ ಎಂದು ಯಾರ ಮುಂದೆಯೂ ಹೇಳಲಿಲ್ಲ. ಸುಮ್ಮನೆ ಓದಿದಳು. ಮೊದಲ ಸಲ ನೀಟ್ ಬರೆದಾಗ ಸೀಟು ಬಹಳ ದೂರ ಉಳಿಯಿತು. ಎರಡನೆಯ ಸಲಕ್ಕೆ ವಿಜಯಪುರದ ಕೋಚಿಂಗಿಗೆ ಸೇರಿದಳು. ಅಲ್ಲಿ ಅವಳ ಕೋಣೆಯ ಗೆಳತಿ ಸಂಪದಾ, ನಮ್ಮೂರಿನವಳೇ. ಪಂಪ್‌ಸೆಟ್ ಅಂಗಡಿಯ ಬಿರಾದಾರ ಸಾಹುಕಾರರ ಮಗಳು. ಆ ಅಂಗಡಿಯ ದೇವರ ಪಟಕ್ಕೆ ದಿನಾ ಮಾಲೆ ಕೊಡುವವನು ರಾಚಪ್ಪನೇ. ಸಂಪದಾಳಿಗೂ ಅದು ಎರಡನೆಯ ಸಲ.

ಭಾನುವಾರ ಊರಿಗೆ ಬಂದ ಹುಡುಗಿಯರು ಸಂಜೆ ಹಿಂತಿರುಗುವಾಗ ಇಬ್ಬರಿಗೂ ಸೀಟು ಹಿಡಿಯುವುದು ನನ್ನ ಕೆಲಸವಾಗಿತ್ತು. ರಾಚಪ್ಪ ನನ್ನನ್ನು ಎರಡು ಸೀಟಿಗೂ ಚಾಚಿ ಬೀಳುವಂತೆ ಬಿಡಿಸಿ ಒಗೆಯುತ್ತಿದ್ದ. ಒಂದು ಭಾನುವಾರ ಹಾಗೆಯೇ ಒಗೆದ. ನೀಲಾ ಹತ್ತಿ ಕುಳಿತಳು. ಸಂಪದಾ ಬರಲಿಲ್ಲ. ಬಸ್ಸು ಹೊರಟೇಬಿಟ್ಟಿತು. ಮುಂದೆಲ್ಲಾದರೂ ಹತ್ತಿಯಾಳೆಂದು ನೀಲಾ ನನ್ನನ್ನು ಪಕ್ಕದ ಸೀಟಿನ ಮೇಲೆ ಹಾಗೆಯೇ ಬಿಟ್ಟಳು. ಒಬ್ಬ ಮುದುಕಿ ಕಂಬ ಹಿಡಿದು ನಿಂತಿದ್ದಳು.

“ಯವ್ವಾ, ಇಲ್ಲಿ ಕುಂದರ್ಲೇನ?”

“ಬರ್ತಾರ ಆಯಿ.”

ಬಸ್ಸು ಕೃಷ್ಣೆಯ ಸೇತುವೆಯ ಹತ್ತಿರ ಬಂದಾಗ ನೀಲಾಳ ಫೋನು ಸದ್ದು ಮಾಡಿತು. ಸಂಪದಾ ತಂದೆಯ ಕಾರಿನಲ್ಲಿ ಹೊರಟಿದ್ದಳಂತೆ, ಹೇಳಲು ಮರೆತಿದ್ದಳಂತೆ. ನೀಲಾ ಮುದುಕಿಯ ಕಾಲಿನ ಕಡೆ ನೋಡಿದಳು. ಊದಿಕೊಂಡಿದ್ದವು. ಅವಳು ನನ್ನನ್ನು ಬೇಗನೆ ಎಳೆದು ತೊಡೆಯ ಮೇಲೆ ಹಾಕಿಕೊಂಡಳು. “ಕುಂದ್ರಬೇ ಆಯಿ, ತಪ್ಪಾತು. ಯಾರೂ ಬರೂದಿಲ್ಲ.” ವಿಜಯಪುರ ಬರುವವರೆಗೂ ಅವಳು ತಲೆಯೆತ್ತಲಿಲ್ಲ. ನನ್ನ ಸೊಟ್ಟ ಅಂಚನ್ನು ಬೆರಳಿನಿಂದ ನೇರ ಮಾಡುತ್ತಲೇ ಇದ್ದಳು.

ಆ ದಿನದಿಂದ ನಾನು ಅವಳ ಬಳಿಯೇ ಉಳಿದೆ. ಬೇಸಿಗೆಯಲ್ಲಿ ನನ್ನನ್ನು ಒದ್ದೆ ಮಾಡಿ ತಲೆಗೆ ಸುತ್ತಿಕೊಂಡು ಓದುತ್ತಿದ್ದಳು. ಎದುರಿನ ಮಂಚದಲ್ಲಿ ಸಂಪದಾ ಓದುತ್ತಿದ್ದಳು. ಕೆಲವು ಸಲ ಓದುತ್ತಲೇ ಅಳುತ್ತಿದ್ದಳು. ಆಗ ನೀಲಾ ನನ್ನನ್ನು ಅವಳ ಕಡೆ ಒಗೆಯುತ್ತಿದ್ದಳು. ಇಬ್ಬರ ಕಣ್ಣೀರಿನ ಉಪ್ಪೂ ನನಗೆ ಗೊತ್ತು. ಬೇರೆ ಬೇರೆ ಎಂದು ನನಗೆ ಅನ್ನಿಸಿಲ್ಲ.

ಪರೀಕ್ಷೆ ಮುಗಿಸಿದ ನೀಲಾಳ ಜೊತೆ ಊರಿಗೆ ಬಂದು ನಾನು ಮತ್ತೆ ರಾಚಪ್ಪನ ಹೆಗಲೇರಿದೆ. ಫಲಿತಾಂಶ ಬಂತು. ಸಂಪದಾ ಮುಂದೆ, ನೀಲಾ ಸ್ವಲ್ಪ ಹಿಂದೆ. ಸಂಪದಾಳಿಗೆ ನಮ್ಮ ಭಾಗದ ಸರಕಾರಿ ಕಾಲೇಜೊಂದರಲ್ಲಿ ಸೀಟು ಸಿಕ್ಕಿತು. ಬೇರೊಂದು ಖಾಸಗಿ ಕಾಲೇಜಿನಲ್ಲೂ ಸಿಕ್ಕಿತು. ಸಾಹುಕಾರರು ಹಣ ಕಟ್ಟಿ ಎರಡನ್ನೂ ಹಿಡಿದರು. ಹಿಡಿದು, ಉತ್ತರದ ಕಡೆಯ ಹೆಸರಾದ ಕಾಲೇಜೊಂದಕ್ಕೆ ಕಾಯತೊಡಗಿದರು. ನೀಲಾಳಿಗೆ ಮೊದಲ ಸುತ್ತಿನಲ್ಲಿ ಏನೂ ಬರಲಿಲ್ಲ, ಎರಡನೆಯದರಲ್ಲೂ ಬರಲಿಲ್ಲ. ಆ ಸರಕಾರಿ ಕಾಲೇಜಿನಲ್ಲಿ ಇಬ್ಬರಿಗೂ ಸಲ್ಲುವ ಮೀಸಲಾತಿ ವರ್ಗದ ಕೊನೆಯ ಸೀಟು ಹೋದದ್ದು ಸಂಪದಾಳಿಗೆ. ಅವಳು ಬಿಟ್ಟರೆ ಅದು ಬರಬೇಕಾದದ್ದು ನೀಲಾಳಿಗೆ.

ಇದನ್ನೆಲ್ಲ ಕಂಪ್ಯೂಟರ್ ಅಂಗಡಿಯ ಬಸಯ್ಯ ರಾಚಪ್ಪನಿಗೆ ಬಿಡಿಸಿ ಹೇಳಿದ. “ಸೀಟು ಐತ್ರಿ ಕಾಕಾ. ಆದ್ರ ಖಾಲಿ ಇಲ್ಲ. ಹಿಡದವರು ಅಲ್ಲಿ ಹೋಗೂದಿಲ್ಲ. ಬಿಡೂದೂ ಇಲ್ಲ.”

ರಾಚಪ್ಪನಿಗೆ ಬೇಗ ಅರ್ಥವಾಯಿತು. “ಟಾವೆಲ್ ಒಗದಾರ ಅನ್ನು” ಎಂದ. ಬಸಯ್ಯ ನಕ್ಕ. ರಾಚಪ್ಪನೂ ನಗಲು ಹೋದ. ನನ್ನನ್ನು ಹೆಗಲಿನಿಂದ ತೆಗೆದು ಕೊಡವಿ ಮತ್ತೆ ಹಾಕಿಕೊಂಡ.

ಅದೇ ವಾರ ಸಾಹುಕಾರರ ಮನೆಯಲ್ಲಿ ಸಂಪದಾಳಿಗೆ ಸತ್ಕಾರ. ದೊಡ್ಡ ಮಾಲೆಗೆ ಹೇಳಿಕಳಿಸಿದ್ದರು. ರಾಚಪ್ಪ ಕಟ್ಟಿದ. ನೀಲಾ ಎದುರಿಗೆ ಕುಳಿತು ಹೂ ಆರಿಸಿ ಕೊಟ್ಟಳು. “ಬಾಡಿದ್ದು ತಗೀ ಯವ್ವಾ” ಎಂದ ತಂದೆ. ಗುರುಬಾಯಿ ಒಳಗೆ ಉಸಿರೆಳೆಯುವ ಸದ್ದು ಕೇಳುತ್ತಿತ್ತು.

ಮಾಲೆ ತಲುಪಿಸಿದ ರಾಚಪ್ಪ ಹಿಂದಿರುಗದೆ ಅಂಗಳದಲ್ಲಿ ನಿಂತ. ನನ್ನನ್ನು ಹೆಗಲಿನಿಂದ ತೆಗೆದು ಕೈಯಲ್ಲಿ ಹಿಡಿದುಕೊಂಡಿದ್ದ.

“ಏನೋ ರಾಚಪ್ಪ, ಯಾಕ ನಿಂತಿ? ಊಟಕ್ಕ ಕುಂದ್ರು” ಎಂದರು ಬಿರಾದಾರರು.

“ಊಟ ಇರಲ್ರಿ ಸಾವ್ಕಾರ್ರ. ತಂಗಿ ಯಾವ ಕಾಲೇಜಿಗೆ ಹೊಂಟಾಳಂತ ಕೇಳಿ ಹೋಗೂಣು ಅಂತ.”

“ಇನ್ನೂ ನೋಡಾಕತ್ತೇವಿ. ಆ ಕಡೀದು ಇನ್ನೊಂದು ರೌಂಡ್ ಐತಿ.”

“ಅಲ್ಲೀತನಕ ಈ ಸರಕಾರಿದು... ಹೋಗೂದಿಲ್ಲ ಅಂದ್ರ...”

“ಬಿಡತೇವೋ ಮಾರಾಯಾ. ನಾವೇನ್ ಎಲ್ಲಾ ಸೀಟಿನ್ಯಾಗ ಒಬ್ಬಾಕೀನ್ನ ಕುಂದರಸ್ತೇವೇನು? ಒಂದು ಗಟ್ಟಿ ಆಗ್ಲಿ. ಕೈಯಾಗಿನದು ಬಿಟ್ಟು ನಾಳೆ ಅದೂ ಬರಲಿಲ್ಲಂದ್ರ?”

ಅವರ ದನಿಯಲ್ಲಿ ಕೆಟ್ಟತನ ಇರಲಿಲ್ಲ. ಬಾಗಿಲಲ್ಲಿ ಸಂಪದಾ ನಿಂತಿದ್ದಳು, ಕೊರಳಲ್ಲಿ ನಮ್ಮದೇ ಮಾಲೆ. ನನ್ನನ್ನು ನೋಡಿದಳು, ಗುರುತು ಹಿಡಿದಳು. ಒಳಗೆ ಹೋದಳು.

ಸೀಟು ಹಂಚಿಕೆಯ ಕೊನೆಯ ದಿನ ರಾಚಪ್ಪ ಮಗಳನ್ನು ಕರೆದುಕೊಂಡು ಆ ಸರಕಾರಿ ಕಾಲೇಜಿಗೆ ಹೋದ. ಸಂಜೆ ಐದರೊಳಗೆ ಯಾರಾದರೂ ಸೀಟು ಬಿಟ್ಟರೆ, ಮುಂದಿನ ಹೆಸರಿನವರನ್ನು ಅಲ್ಲಿಯೇ ಕರೆದು ಕೊಡುವರೆಂದು ಬಸಯ್ಯ ಹೇಳಿದ್ದ. ಕಚೇರಿಯ ಕಿಟಕಿಯ ಮುಂದೆ ಬೇರೆ ಬೇರೆ ಊರುಗಳ ತಂದೆತಾಯಂದಿರು ನಿಂತಿದ್ದರು. ಕಿಟಕಿಯೊಳಗೆ ಫೋನು ಹೊಡೆದುಕೊಂಡಾಗಲೆಲ್ಲ ಎಲ್ಲರ ಕತ್ತೂ ಒಟ್ಟಿಗೆ ಅತ್ತ ತಿರುಗುತ್ತಿತ್ತು.

ಮಧ್ಯಾಹ್ನ ಇಳಿದ ಮೇಲೆ ನೀಲಾ ಮೂಲೆಗೆ ಹೋಗಿ ಸಂಪದಾಳಿಗೆ ಫೋನು ಮಾಡಿದಳು. ಬಾಯಿಗೆ ನನ್ನನ್ನು ಅಡ್ಡ ಹಿಡಿದಿದ್ದಳು, ಯಾರಿಗೂ ಕೇಳಬಾರದೆಂದು. ನನಗೆ ಇಬ್ಬರ ಮಾತೂ ಕೇಳಿತು.

“ಸಂಪದಾ, ನಾ ಇಲ್ಲೇ ಕಾಲೇಜಿನ್ಯಾಗ ನಿಂತೇನಿ.”

ಆ ಕಡೆ ಒಂದು ಕದ ಮುಚ್ಚಿದ ಸದ್ದಾಯಿತು.

“ಆ ಖಾಸಗಿದು ನಿನ್ನ ಕೈಯಾಗ ಇರತೈತಲ್ಲ. ಇದೊಂದು ಬಿಡು. ಮೊಬೈಲಿನ್ಯಾಗ ಒಂದು ಬಟನ್ ಒತ್ತಿದ್ರ ಆತಂತ.”

“ಆ ಕಡೀ ರಿಸಲ್ಟ್ ಆರಕ್ಕ ಬರತೈತಿ ನೀಲಾ. ಬಂದಕೂಡ್ಲೆ ಬಿಡತೇನಿ. ಅಪ್ಪಾಜಿಗೂ ಹೇಳೇನಿ.”

“ಇಲ್ಲಿ ಐದಕ್ಕ ಬಂದ್ ಮಾಡ್ತಾರ. ಆಮ್ಯಾಲ ನೀ ಬಿಟ್ರೂ ಅದು ಯಾರಿಗೂ ಸಿಗೂದಿಲ್ಲ. ಸುಮ್ನ ಹೋಗತೈತಿ.”

“ಅದು ಬರಲಿಲ್ಲಂದ್ರ? ಖಾಸಗಿದು ಅಪ್ಪಾಜಿಗೆ ಮನಸ್ಸಿಲ್ಲ. ಎರಡು ಸಲ ಬರದೇನಿ. ನನಗೂ ಅಂಜಿಕಿ ಐತಿ. ನಿನಗ ಗೊತ್ತಿಲ್ಲೇನ?”

“ಗೊತ್ತೈತಿ” ಎಂದಳು ನೀಲಾ.

ಇಬ್ಬರೂ ಫೋನು ಇಡಲಿಲ್ಲ. ಉಸಿರಿನ ಸದ್ದು ಮಾತ್ರ ಆ ಕಡೆಯಿಂದ ಈ ಕಡೆಗೆ ಬರುತ್ತಿತ್ತು. ಕೋಣೆಯಲ್ಲಿ ಓದುವಾಗ ಇದೇ ಉಸಿರುಗಳನ್ನು ನಾನು ಕೇಳುತ್ತಿದ್ದೆ. ಆಮೇಲೆ ಅದೂ ನಿಂತಿತು.

ಐದಕ್ಕೆ ಕಿಟಕಿ ಮುಚ್ಚಿದರು. ಗದ್ದಲ ಆಗಲಿಲ್ಲ. ಒಬ್ಬ ತಾಯಿ ಮುಚ್ಚಿದ ಕಿಟಕಿಗೆ ಕೈಮುಗಿದು ಹೊರಟಳು. ರಾಚಪ್ಪ ನಿಂತಲ್ಲಿಯೇ ನಿಂತಿದ್ದ. ಆಮೇಲೆ ಮಗಳ ಭುಜದಿಂದ ನನ್ನನ್ನು ತೆಗೆದುಕೊಂಡು ಪಡಸಾಲೆಯಲ್ಲಿ ನಡೆಯತೊಡಗಿದ. ಮೊದಲ ವರ್ಷದ ಪಾಠಗಳು ಆಗಲೇ ಶುರುವಾಗಿದ್ದವು. ತರಗತಿಯೊಂದರ ಬಾಗಿಲು ತೆರೆದಿತ್ತು. ಪಾಠ ಮುಗಿಸಿ ಎದ್ದ ಬಿಳಿ ಕೋಟಿನ ಹುಡುಗರು ಇನ್ನೂ ಹೊರಟಿರಲಿಲ್ಲ. ಮೂರನೆಯ ಸಾಲಿನಲ್ಲಿ ಒಂದು ಕುರ್ಚಿಯ ಮುಂದೆ ಪುಸ್ತಕ ಇರಲಿಲ್ಲ, ಚೀಲ ಇರಲಿಲ್ಲ.

ಅದು ಸಂಪದಾಳ ಕುರ್ಚಿ ಎಂದು ಯಾರೂ ಬರೆದಿರಲಿಲ್ಲ. ರಾಚಪ್ಪನಿಗೂ ಅದು ಗೊತ್ತಿತ್ತು. ಅವನು ಬಾಗಿಲಲ್ಲೇ ನಿಂತು, ಬಸ್ಸಿನ ಕಿಟಕಿಯಿಂದ ಒಗೆಯುವ ಹಾಗೆಯೇ ನನ್ನನ್ನು ಒಗೆದ. ಎಷ್ಟೋ ವರ್ಷದ ರೂಢಿಯ ಕೈ. ನಾನು ಸರಿಯಾಗಿ ಆ ಕುರ್ಚಿಯ ಮೇಲೆಯೇ ಬಿದ್ದೆ.

ಹುಡುಗರು ನಕ್ಕರು. ಕದ ಹಾಕಲು ಬಂದ ಅಟೆಂಡರ್ ಮಲ್ಲೇಶಿ ಗದರಿದ. “ಏ ಯಜಮಾನ್ರ! ಇದೇನ್ ಬಸ್ಸು ಅಂತ ತಿಳದೀರೇನು?”

“ಇಲ್ರಿ.”

“ಮತ್ತ ಟಾವೆಲ್ ಯಾಕ ಒಗದ್ರಿ?”

ರಾಚಪ್ಪ ಬಾಯಿ ತೆರೆದ. ನನ್ನನ್ನು ಒಗೆದಾಗಲೆಲ್ಲ ಅವನ ಬಾಯಲ್ಲಿ ಬರುತ್ತಿದ್ದದ್ದು ಒಂದೇ ಮಾತು. ಈಗಲೂ ಅದೇ ಬಂತು.

“ಇಲ್ಲಿ... ಬರ್ತಾರ್ರಿ.”

ನಗು ನಿಂತಿತು. ನೀಲಾ ತಂದೆಯನ್ನು ದಾಟಿ ಒಳಗೆ ಬಂದಳು. ನನ್ನನ್ನು ಎತ್ತಲು ಬಗ್ಗಿದಳು. ಅವಳ ಬೆರಳು ನನ್ನ ಸೊಟ್ಟ ಅಂಚಿನ ಮೇಲೆ ತಡೆಯಿತು. ಅಂದು ಬಸ್ಸಿನಲ್ಲಿ ನನ್ನನ್ನು ಎತ್ತಿದಾಗ ಕೂರಲು ಒಬ್ಬ ಆಯಿ ಇದ್ದಳು. ಇಲ್ಲಿ ಎತ್ತಿದರೆ ಯಾರನ್ನು ಕೂರಿಸುವುದು? ಕುರ್ಚಿ ಅವಳ ಮೊಣಕಾಲಿಗೆ ತಾಗುವಷ್ಟು ಹತ್ತಿರವಿತ್ತು. ಅವಳು ಕೂರಲಿಲ್ಲ. ಬೆರಳು ಹಿಂದಕ್ಕೆ ತೆಗೆದುಕೊಂಡಳು.

“ನಡಿ ಅಪ್ಪಾ. ಅವ್ವಗ ಗುಳಿಗಿ ತಗೋಬೇಕು.”

ತಂದೆಯ ಕೈ ಹಿಡಿದು ಹೋದಳು. ನಾನು ಅಲ್ಲಿಯೇ ಉಳಿದೆ.

ಆಮೇಲಿನದು ನನ್ನ ಮುಪ್ಪಿನ ಕಥೆ. ಸಂಪದಾಳ ಹೆಸರು ಹಾಜರಿಯಲ್ಲಿ ಕೆಲವು ದಿನ ಇತ್ತು. ಮೇಷ್ಟ್ರು ಕೂಗುತ್ತಿದ್ದರು, ಉತ್ತರ ಇರುತ್ತಿರಲಿಲ್ಲ, ಒಂದು ಗಳಿಗೆ ಕಾದು ಮುಂದಿನ ಹೆಸರಿಗೆ ಹೋಗುತ್ತಿದ್ದರು. ಅವಳಿಗೆ ಆ ಕಡೆಯ ಕಾಲೇಜೇ ಸಿಕ್ಕಿತ್ತು. ನಂತರ ಹೆಸರು ಕೂಗುವುದೂ ನಿಂತಿತು. ಆ ಕುರ್ಚಿಗೆ ಬೇರೆ ಯಾರೂ ಬರಲಿಲ್ಲ, ಬರುವಂತೆಯೂ ಇರಲಿಲ್ಲ. ನೀಲಾ ಮೂರನೆಯ ಸಲ ಬರೆದಳೋ, ಮಾಲೆ ಕಟ್ಟಲು ಕುಳಿತಳೋ, ಗುರುಬಾಯಿಯ ಉಸಿರು ಹೇಗಿದೆಯೋ, ನನಗೆ ಹೇಳುವವರಿಲ್ಲ. ನನ್ನ ಮೈಯಲ್ಲಿದ್ದ ಸೇವಂತಿಗೆಯ ವಾಸನೆ ಮೊದಲ ಒಗೆತಕ್ಕೇ ಹೋಯಿತು.

ಮಲ್ಲೇಶಿ ನನ್ನನ್ನು ಒರೆಸುವ ಅರಿವೆ ಮಾಡಿಕೊಂಡ. ಬೆಳಿಗ್ಗೆ ಎಲ್ಲ ಕುರ್ಚಿ ಒರೆಸುತ್ತೇನೆ. ಮೂರನೆಯ ಸಾಲಿನ ಆ ಒಂದರ ಮೇಲೆ ಆ ವರ್ಷವೆಲ್ಲ ಧೂಳು ಹೆಚ್ಚಿರುತ್ತಿತ್ತು. ಯಾರನ್ನೂ ಕೇಳದೆ ಬಂದು ಕೂರುವುದು ಅದೊಂದೇ.

ಈಗ ಹೊಸ ವರ್ಷದ ಮಕ್ಕಳು ಬಂದಿದ್ದಾರೆ. ಹಾಜರಿ ಕೂಗುವಾಗ ನಾನು ಕಿವಿಗೊಟ್ಟು ಕೇಳಿದೆ. ನೀಲಾಂಬಿಕಾ ಹೂಗಾರ ಎಂಬ ಹೆಸರು ಬರಲಿಲ್ಲ. ನಿನ್ನೆ ಮಲ್ಲೇಶಿಯನ್ನು ಯಾರೋ ಕೂಗಿದರು, ಅವನು ನನ್ನನ್ನು ಆ ಕುರ್ಚಿಯ ಮೇಲೆಯೇ ಮರೆತು ಓಡಿದ. ಪಾಠ ಶುರುವಾಗುವ ಹೊತ್ತಿಗೆ ಒಬ್ಬ ಹುಡುಗಿ ಏದುಸಿರು ಬಿಡುತ್ತ ಬಂದಳು. ಹೆಗಲಲ್ಲಿ ಹಳೆಯ ಚೀಲ, ಕೈಯಲ್ಲಿ ಇನ್ನೂ ಬಸ್ಸಿನ ಟಿಕೆಟ್ಟು.

“ಇಲ್ಲಿ ಯಾರರೆ ಅದಾರೇನ?” ಎಂದು ಪಕ್ಕದವಳನ್ನು ಕೇಳಿದಳು.

ಯಾರೂ ಇಲ್ಲ, ಕೂರು ತಾಯಿ ಎಂದು ಕೂಗಬೇಕೆನಿಸಿತು. ನನಗೆ ಬಾಯಿ ಎಲ್ಲಿದೆ? ಪಕ್ಕದವಳು ನನ್ನನ್ನು ನೋಡಿದಳು.

“ಟಾವೆಲ್ ಐತಿ ನೋಡು. ಯಾರೋ ಬರ್ತಾರ.”

ಹುಡುಗಿ ಹಿಂದಿನ ಸಾಲಿಗೆ ಹೋದಳು.